ಇದು ಎಲ್ಲಿಂದ ಬಂತು ಮಗೂ?

ಹದಿಹರೆಯದವರ ತಾರಾವ್ಯಾಮೋಹವನ್ನು ತೆರೆಗೆ ತಂದ ಎರಡು ಚಿತ್ರಗಳಿವೆ. ಒಂದು ಹಾಲಿವುಡ್ಡಿನದು, ಇನ್ನೊಂದು ನಮ್ಮ ಮುಂಬಯಿಯದು. ಎರಡರ ನಡುವೆ ನಲವತ್ತೆರಡು ವರ್ಷಗಳ ಅಂತರ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಕ್ಕಳಿಗೂ ಹೆತ್ತವರಿಗೂ ಒಂದು ಪಾಠವಿದೆ.

ನಡುರಾತ್ರಿ. ಬೆಟ್ಟದ ಇಳಿಜಾರಿನಲ್ಲಿ ಒಂದು ಮನೆ. ಗೋಡೆಗಳಿರಬೇಕಾದ ಕಡೆಯಲ್ಲೆಲ್ಲ ಗಾಜು. ಕ್ಯಾಮೆರಾ ದೂರದಲ್ಲಿ, ಎತ್ತರದಲ್ಲಿ ನಿಂತು ಸುಮ್ಮನೆ ನೋಡುತ್ತಿದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ ಆ ಮನೆಯೊಳಗೆ ನುಗ್ಗುತ್ತಾರೆ. ಒಂದು ಕೋಣೆಯಲ್ಲಿ ದೀಪ ಹತ್ತುತ್ತದೆ, ಆರುತ್ತದೆ. ಇನ್ನೊಂದು ಕೋಣೆಯಲ್ಲಿ ಹತ್ತುತ್ತದೆ. ಗೊಂಬೆಮನೆಯೊಳಗೆ ಇರುವೆಗಳು ಹರಿದಾಡಿದ ಹಾಗೆ ಇಬ್ಬರೂ ಮೇಲೆ ಕೆಳಗೆ ಓಡಾಡುತ್ತಾರೆ. ಹಿನ್ನೆಲೆ ಸಂಗೀತವಿಲ್ಲ, ರಾತ್ರಿಯ ಸದ್ದು ಮಾತ್ರ. ಸ್ವಲ್ಪ ಹೊತ್ತಿನಲ್ಲಿ ಚೀಲಗಳನ್ನು ಹೊತ್ತು ಇಬ್ಬರೂ ಕತ್ತಲಲ್ಲಿ ಮರೆಯಾಗುತ್ತಾರೆ. ಇಡೀ ದೃಶ್ಯಕ್ಕೆ ಎಲ್ಲೂ ಕತ್ತರಿ ಬಿದ್ದಿಲ್ಲ.

ಸಿನಿಮಾದಲ್ಲಿ ಕಳ್ಳತನದ ದೃಶ್ಯಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಕಳ್ಳ ಬೆವರುತ್ತಾನೆ, ಬೀಗಕ್ಕೆ ತಂತಿ ತೂರಿಸುತ್ತಾನೆ, ನಮ್ಮ ಎದೆಬಡಿತವೂ ಏರುತ್ತದೆ. ಇಲ್ಲಿ ಅದೊಂದೂ ಇಲ್ಲ. ಬೇಸಿಗೆ ರಜೆಗೆ ಅಜ್ಜಿಮನೆಗೆ ಬಂದ ಮಕ್ಕಳು ಬೀರು ತೆಗೆದು ಒಂದೊಂದೇ ಸೀರೆ ಎಳೆದು ನೋಡುತ್ತಾರಲ್ಲ, ಅಷ್ಟೇ ನಿರಾಳವಾಗಿ ಈ ಮಕ್ಕಳು ಬೇರೆಯವರ ಮನೆಯಲ್ಲಿ ಓಡಾಡುತ್ತಾರೆ. ನೋಡುವವರಿಗೆ ದಿಗಿಲು ಹುಟ್ಟಿಸುವುದು ಈ ನಿರಾಳತೆಯೇ.

ಚಿತ್ರದ ಹೆಸರು 'ದಿ ಬ್ಲಿಂಗ್ ರಿಂಗ್'. ಸೋಫಿಯಾ ಕೊಪೊಲಾ ನಿರ್ದೇಶಿಸಿದ ಇದು 2013ರ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. 'ಗಾಡ್‌ಫಾದರ್' ಖ್ಯಾತಿಯ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರ ಮಗಳು ಈಕೆ. 'ಬ್ಲಿಂಗ್' ಎಂದರೆ ಮೈಮೇಲೆ ಥಳಥಳಿಸುವ ಒಡವೆ, ಬೆಡಗಿನ ವಸ್ತು. 'ಥಳುಕಿನ ತಂಡ' ಎಂದು ನಾವು ಕನ್ನಡಿಸಿಕೊಳ್ಳಬಹುದು. ಕತೆ ಮಾತ್ರ ಕಟ್ಟುಕತೆಯಲ್ಲ. ಪಾತ್ರಗಳ ಹೆಸರು ಬದಲಾಗಿವೆ, ಆದರೆ ಘಟನೆ ನಡೆದದ್ದು.

ನಡೆದ ಕತೆ

2008ರ ಅಕ್ಟೋಬರಿನಿಂದ 2009ರ ಆಗಸ್ಟ್‌ವರೆಗೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಬೆಟ್ಟದ ಬಡಾವಣೆಗಳಲ್ಲಿ ಒಂದರ ಹಿಂದೊಂದು ಕಳವು ನಡೆದವು. ಕಳವಾದದ್ದು ಸಾಮಾನ್ಯರ ಮನೆಗಳಲ್ಲಲ್ಲ. ಪ್ಯಾರಿಸ್ ಹಿಲ್ಟನ್, ಲಿಂಡ್ಸೆ ಲೋಹನ್, ರೇಚಲ್ ಬಿಲ್ಸನ್, ಒರ್ಲಾಂಡೊ ಬ್ಲೂಮ್, ಆಡ್ರಿನಾ ಪ್ಯಾಟ್ರಿಜ್ ಹೀಗೆ ಸಿನಿಮಾ ಮತ್ತು ಟಿ.ವಿ.ಯಲ್ಲಿ ಹೆಸರಾದವರ ಮನೆಗಳಲ್ಲಿ. ಹೋದ ಹಣ, ಒಡವೆ, ಬಟ್ಟೆ, ಗಡಿಯಾರಗಳ ಬೆಲೆ ಒಟ್ಟು ಸುಮಾರು 30 ಲಕ್ಷ ಡಾಲರ್ ಎಂದು ಅಂದಾಜು. ಆಗಿನ ಲೆಕ್ಕದಲ್ಲಿ ಹದಿನಾಲ್ಕು ಕೋಟಿ ರೂಪಾಯಿಗೂ ಮೇಲು.

ಸಿಕ್ಕಿಬಿದ್ದವರನ್ನು ನೋಡಿ ಪೊಲೀಸರಿಗೂ ಅಚ್ಚರಿ. ಅವರಲ್ಲಿ ಬಹುತೇಕರು ಹದಿಹರೆಯದವರು ಅಥವಾ ಆಗಷ್ಟೇ ಹದಿಹರೆಯ ದಾಟಿದವರು. ಹೆಚ್ಚಿನವರು ಕ್ಯಾಲಬಾಸಸ್ ಎಂಬ ಅನುಕೂಲಸ್ಥರ ಉಪನಗರದ ಸುತ್ತಮುತ್ತಲ ಮಕ್ಕಳು. ಮನೆಯಲ್ಲಿ ಕಾರಿತ್ತು, ಕೈಯಲ್ಲಿ ಮೊಬೈಲ್ ಇತ್ತು, ಹೊಟ್ಟೆಗೆ ಬಟ್ಟೆಗೆ ಕೊರತೆ ಇರಲಿಲ್ಲ.

ಇವರು ಹೂಡಿದ ಉಪಾಯವೂ ಬಲು ಸುಲಭದ್ದು. ಯಾವ ತಾರೆ ಇವತ್ತು ಯಾವ ಊರಿನ ಸಮಾರಂಭದಲ್ಲಿದ್ದಾರೆ ಎಂಬುದನ್ನು ಅಂತರ್ಜಾಲದ ಗಾಳಿಸುದ್ದಿ ತಾಣಗಳು ನಿಮಿಷ ನಿಮಿಷಕ್ಕೂ ಹೇಳುತ್ತಿದ್ದವು. ಮನೆ ಎಲ್ಲಿದೆ, ಹಿತ್ತಿಲ ಬೇಲಿ ಹೇಗಿದೆ ಎಂಬುದನ್ನು ಗೂಗಲ್ ನಕ್ಷೆ ತೋರಿಸುತ್ತಿತ್ತು. ಉಳಿದದ್ದು ಹೋಗಿ ಬಾಗಿಲು ತಳ್ಳುವುದಷ್ಟೇ. ಕೆಲವು ಬಾಗಿಲುಗಳಿಗೆ ಬೀಗವೇ ಇರಲಿಲ್ಲ. ಪ್ಯಾರಿಸ್ ಹಿಲ್ಟನ್ ಮನೆಯ ಬೀಗದ ಕೈ ಬಾಗಿಲ ಮುಂದಿನ ಕಾಲೊರಸಿನ ಕೆಳಗೇ ಸಿಕ್ಕಿತು! ಆ ಮನೆಗೆ ಇವರು ಮತ್ತೆ ಮತ್ತೆ ಹೋದರು. ಮೊದಮೊದಲು ಕಳವಾಗಿರುವುದೇ ಮನೆಯೊಡತಿಗೆ ಗೊತ್ತಾಗಲಿಲ್ಲ. ಅಷ್ಟೊಂದು ವಸ್ತುಗಳ ನಡುವೆ ಒಂದು ಚೀಲ ಹೋದರೆ ತಿಳಿಯುವುದಾದರೂ ಹೇಗೆ?

ನ್ಯಾನ್ಸಿ ಜೋ ಸೇಲ್ಸ್ ಎಂಬ ಪತ್ರಕರ್ತೆ 2010ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆಗೆ ಈ ಪ್ರಕರಣದ ಬಗ್ಗೆ ದೀರ್ಘ ಲೇಖನ ಬರೆದರು. ಶಂಕಿತರು ಲೂಬುಟಾನ್ ಪಾದರಕ್ಷೆ ತೊಟ್ಟಿದ್ದರು ಎಂಬ ಅರ್ಥದ ತಲೆಬರಹ ಅದಕ್ಕಿತ್ತು. ಲೂಬುಟಾನ್ ಎಂದರೆ ಕೆಂಪು ಅಡಿಯ, ಎತ್ತರದ ಹಿಮ್ಮಡಿಯ, ಬಲು ದುಬಾರಿ ಪಾದರಕ್ಷೆ. ಕೋರ್ಟಿಗೆ ಹೋಗುವಾಗಲೂ ಕಾಲಲ್ಲಿ ಥಳುಕು ಇರಲೇಬೇಕು ಎಂಬ ವ್ಯಂಗ್ಯ ಆ ತಲೆಬರಹದಲ್ಲಿದೆ. ಈ ಲೇಖನವೇ ಕೊಪೊಲಾ ಅವರ ಚಿತ್ರಕ್ಕೆ ಆಧಾರವಾಯಿತು.

ತೆರೆಯ ಮೇಲೆ

ಚಿತ್ರದ ನಡುವಿನಲ್ಲಿರುವವನು ಮಾರ್ಕ್. ಬೇರೆ ಶಾಲೆಯಿಂದ ಹೊಸದಾಗಿ ಬಂದ ಹುಡುಗ. ತಾನು ಉಳಿದವರಷ್ಟು ಲಕ್ಷಣವಾಗಿಲ್ಲ ಎಂಬ ಕೀಳರಿಮೆ ಅವನಿಗೆ. ಮೊದಲ ದಿನವೇ ಅವನನ್ನು ಮಾತನಾಡಿಸುವವಳು ರೆಬೆಕ್ಕಾ. ಗೆಳೆತನ ಬೆಳೆಯುತ್ತದೆ. ಒಂದು ಸಂಜೆ ಇಬ್ಬರೂ ಬೀದಿಯಲ್ಲಿ ನಡೆದುಹೋಗುವಾಗ ಅವಳು ಸಾಲಾಗಿ ನಿಂತ ಕಾರುಗಳ ಬಾಗಿಲನ್ನು ಒಂದೊಂದಾಗಿ ಎಳೆದು ನೋಡುತ್ತಾಳೆ. ಬೀಗ ಹಾಕದ ಕಾರಿನಿಂದ ಪರ್ಸು ಎತ್ತಿಕೊಳ್ಳುತ್ತಾಳೆ. ಮಾರ್ಕನಿಗೆ ಅಳುಕು. ಆದರೆ ಸಿಕ್ಕಿರುವ ಒಬ್ಬಳೇ ಗೆಳತಿ ಕೈಬಿಟ್ಟಾಳು ಎಂಬ ಭಯ ಆ ಅಳುಕಿಗಿಂತ ದೊಡ್ಡದು. ಮುಂದೆ ಊರಲ್ಲಿಲ್ಲದ ಪರಿಚಯದವನ ಮನೆ. ಅದರ ಮುಂದೆ ತಾರೆಯರ ಮನೆಗಳು. ಒಂದೊಂದೇ ಮೆಟ್ಟಿಲು.

ಶಾಲೆ ಕಾಲೇಜಿಗೆ ಹೋಗುವ ಓದುಗರು ಗಮನಿಸಬೇಕಾದ ಜಾಗ ಇದು. ಮಾರ್ಕನಿಗೆ ಬೇಕಾಗಿದ್ದದ್ದು ದುಬಾರಿ ಕೈಚೀಲವಲ್ಲ. ಅವನಿಗೆ ಬೇಕಾಗಿದ್ದದ್ದು 'ನೀನು ನಮ್ಮವನು' ಎನ್ನುವ ನಾಲ್ಕು ಜನ. ಬೇಡ ಎಂದು ಹೇಳಬೇಕಾದ ಮೊದಲ ಸಂಜೆ ಅವನು ಹೇಳಲಿಲ್ಲ. ಆಮೇಲೆ ಹೇಳುವ ಸಂದರ್ಭವೇ ಬರಲಿಲ್ಲ.

ಪ್ಯಾರಿಸ್ ಹಿಲ್ಟನ್ ಅವರು ತಮ್ಮ ನಿಜವಾದ ಮನೆಯಲ್ಲೇ ಚಿತ್ರೀಕರಣಕ್ಕೆ ಅವಕಾಶ ಕೊಟ್ಟರು. ಹಾಗಾಗಿ ನಾವು ತೆರೆಯ ಮೇಲೆ ನೋಡುವ ಕೋಣೆ ತುಂಬ ಚಪ್ಪಲಿ, ಮನೆಯೊಳಗೇ ಇರುವ ನೃತ್ಯಕೋಣೆ, ಹಿಲ್ಟನ್ ಅವರದೇ ಮುಖ ಅಚ್ಚಾದ ದಿಂಬುಗಳು ಎಲ್ಲವೂ ಅಸಲಿ. ತನ್ನ ಮನೆಯಲ್ಲಿ ತನ್ನದೇ ಮುಖದ ದಿಂಬು! ಈ ವೈಭವವನ್ನು ಕಂಡು ಮಕ್ಕಳು ಕಣ್ಣರಳಿಸುತ್ತಾರೆ. ನೋಡುತ್ತಾ ಕುಳಿತ ನಾವೂ ಒಂದು ಕ್ಷಣ ಕಣ್ಣರಳಿಸುತ್ತೇವೆ. ಆಮೇಲೆ ನಾಚಿಕೆಯಾಗುತ್ತದೆ.

ಕದ್ದದ್ದನ್ನು ಬಚ್ಚಿಡುವುದು ಕಳ್ಳರ ಲಕ್ಷಣ. ಈ ಮಕ್ಕಳು ಬಚ್ಚಿಡುವುದಿಲ್ಲ. ಕದ್ದ ಉಡುಪು ತೊಟ್ಟು, ಕದ್ದ ಒಡವೆ ಹಾಕಿಕೊಂಡು ಪಾರ್ಟಿಗೆ ಹೋಗುತ್ತಾರೆ, ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುತ್ತಾರೆ, ಗೆಳೆಯರೆದುರು ಹೇಳಿಕೊಂಡು ಮೆರೆಯುತ್ತಾರೆ. ಯಾರೂ ನೋಡದಿದ್ದರೆ ಕದ್ದು ಏನು ಪ್ರಯೋಜನ? ಕೊನೆಗೆ ಅವರನ್ನು ಹಿಡಿದುಕೊಟ್ಟದ್ದೂ ಈ ಮೆರೆದಾಟವೇ.

ಎದೆಗೆ ನಾಟುವ ಎರಡು ಸಣ್ಣ ಗಳಿಗೆಗಳಿವೆ. ಒಂದರಲ್ಲಿ ರೆಬೆಕ್ಕಾ ತನ್ನ ಮೆಚ್ಚಿನ ತಾರೆ ಲಿಂಡ್ಸೆ ಲೋಹನ್ ಕೋಣೆಯ ಕನ್ನಡಿಯ ಮುಂದೆ ನಿಂತು ಅವಳ ಅತ್ತರನ್ನು ಪೂಸಿಕೊಳ್ಳುತ್ತಾಳೆ. ಕನ್ನಡಿಯಲ್ಲಿ ಕಾಣುತ್ತಿರುವುದು ತನ್ನ ಮುಖವೋ, ಆ ತಾರೆಯ ಮುಖವೋ? ಇನ್ನೊಂದು, ಅವಳು ಬಂಧನಕ್ಕೊಳಗಾದ ಮೇಲೆ. ಕಳವಾದ ಮನೆಗಳ ಎಲ್ಲರ ಹತ್ತಿರವೂ ಮಾತನಾಡಿದ್ದೇನೆ ಎಂದು ಅಧಿಕಾರಿ ಹೇಳಿದಾಗ ಅವಳು ಕೇಳುವುದು ಶಿಕ್ಷೆ ಎಷ್ಟಾಗುತ್ತದೆ ಎಂದಲ್ಲ. ಲಿಂಡ್ಸೆ ಏನಂದಳು ಎಂದು! ಕೈಗೆ ಕೋಳ ಬೀಳುವ ಹೊತ್ತಿನಲ್ಲೂ ಆ ತಾರೆಯ ಬಾಯಲ್ಲಿ ತನ್ನ ಹೆಸರು ಬಂತಲ್ಲ ಎಂಬ ಪುಳಕ.

ಇದಕ್ಕೆ ವಿದ್ವಾಂಸರು ಹಿಂದೆಯೇ ಒಂದು ಹೆಸರು ಕೊಟ್ಟಿದ್ದರು. 1956ರಲ್ಲಿ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ರೇಡಿಯೋ, ಟಿ.ವಿ. ನಿರೂಪಕರ ಜೊತೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಒಮ್ಮುಖದ ನಂಟಿನ ಬಗ್ಗೆ ಬರೆದರು. ಅವನು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುತ್ತಾನೆ, ನಮಗೆ ಅವನು ಮನೆಯವನೇ ಆಗಿಬಿಡುತ್ತಾನೆ. ಅವನಿಗೆ ಮಾತ್ರ ನಾವು ಯಾರೋ ಗೊತ್ತಿಲ್ಲ. ಆಗ ದಿನಕ್ಕೆ ಅರ್ಧ ಗಂಟೆಯ ಕಾರ್ಯಕ್ರಮವಿತ್ತು. ಇಂದು ತಾರೆ ಎದ್ದು ಹಲ್ಲುಜ್ಜುವುದರಿಂದ ಮಲಗುವವರೆಗೆ ಎಲ್ಲವೂ ಅಂಗೈಯ ಫೋನಿನಲ್ಲಿ ಕಾಣುತ್ತದೆ. ನಂಟು ಗಟ್ಟಿಯಾಗದೆ ಇರುತ್ತದೆಯೇ?

ಯಾರೂ ಕೇಳದ ಪ್ರಶ್ನೆ

ಹಾಗಾದರೆ ಈ ಮಕ್ಕಳ ಅಪ್ಪ ಅಮ್ಮಂದಿರು ಎಲ್ಲಿದ್ದರು?

ಚಿತ್ರದಲ್ಲಿ ನಿಕಿ ಎಂಬ ಹುಡುಗಿಯೊಬ್ಬಳಿದ್ದಾಳೆ. ಹ್ಯಾರಿ ಪಾಟರ್ ಚಿತ್ರಗಳ ಹರ್ಮಾಯನಿ ಪಾತ್ರದಿಂದ ಹೆಸರಾದ ಎಮ್ಮಾ ವಾಟ್ಸನ್ ಈ ಪಾತ್ರ ಮಾಡಿದ್ದಾರೆ. ನಿಕಿಯ ತಾಯಿ ಮಕ್ಕಳನ್ನು ಮನೆಯಲ್ಲೇ ಕೂರಿಸಿ ಪಾಠ ಹೇಳುವವಳು. ಕೆಟ್ಟವಳೇನಲ್ಲ, ಮಕ್ಕಳ ಮೇಲೆ ಪ್ರೀತಿಯೂ ಇದೆ. ಬೆಳಿಗ್ಗೆ ಮಕ್ಕಳ ಕೈ ಹಿಡಿದು ಪ್ರಾರ್ಥನೆ ಮಾಡಿಸುತ್ತಾಳೆ, ಏಕಾಗ್ರತೆಗೆಂದು ಮಾತ್ರೆ ಹಂಚುತ್ತಾಳೆ. ಪಠ್ಯವೇನೆಂದರೆ 'ದಿ ಸೀಕ್ರೆಟ್' ಎಂಬ ಪುಸ್ತಕದ ಬೋಧನೆ. ಬಯಸಿದರೆ ಸಾಕು, ಬಯಸಿದ್ದು ತಾನಾಗಿ ಬಂದು ಸೇರುತ್ತದೆ ಎಂಬುದು ಅದರ ಸಾರ. ನಟಿ ಆಂಜಲಿನಾ ಜೋಲಿಯ ಚಿತ್ರಗಳನ್ನು ರಟ್ಟಿನ ಹಲಗೆಗೆ ಅಂಟಿಸಿಕೊಂಡು ಇವಳ ಯಾವ ಗುಣ ನಿಮಗೆ ಮೆಚ್ಚುಗೆ ಎಂದು ಕೇಳುತ್ತಾಳೆ. ಮಕ್ಕಳಿಗೆ ಹೊಳೆಯುವುದು ಆಕೆಯ ಮೈಕಟ್ಟು ಮತ್ತು ಆಕೆಯ ಗಂಡ!

ನಗು ಬರುತ್ತದೆ. ಆದರೆ ಯೋಚಿಸಿ. ಬಯಸಿದ್ದೆಲ್ಲ ಬರುತ್ತದೆ ಎಂದು ಬೆಳಿಗ್ಗೆ ಕಲಿತ ಮಗಳು ರಾತ್ರಿ ಒಂದು ಬಾಗಿಲು ತಳ್ಳುತ್ತಾಳೆ. ಬಾಗಿಲು ತೆರೆದುಕೊಳ್ಳುತ್ತದೆ. ಬಯಸಿದ್ದು ಸಿಕ್ಕಿತು. ಪಾಠದಲ್ಲಿ ದುಡಿಮೆ ಎಂಬ ಮಾತು ಎಲ್ಲಿತ್ತು?

ಇವತ್ತು ಬೆಳಿಗ್ಗೆ ಇಲ್ಲದ ಚೀಲ ನಾಳೆ ಮಗಳ ಹೆಗಲಲ್ಲಿದೆ. ಲಕ್ಷ ಬೆಲೆಯ ಗಡಿಯಾರ ಮಗನ ಮಣಿಕಟ್ಟಿನಲ್ಲಿದೆ. 'ಇದು ಎಲ್ಲಿಂದ ಬಂತು ಮಗೂ?' ಎಂಬ ನಾಲ್ಕು ಪದಗಳ ಪ್ರಶ್ನೆ ಈ ಚಿತ್ರದ ತಂದೆತಾಯಿಯರ ಬಾಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕೊಪೊಲಾ ಅವರು ಎಲ್ಲೂ ಹೆತ್ತವರನ್ನು ಬೈಯುವುದಿಲ್ಲ. ಅವರನ್ನು ಚೌಕಟ್ಟಿನ ಅಂಚಿನಲ್ಲಿ ನಿಲ್ಲಿಸುತ್ತಾರೆ, ಅಷ್ಟೆ. ಪೊಲೀಸರು ಬಂದಾಗ ಮಾತ್ರ ಅವರು ನಡುವಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿದೆ.

ನಮ್ಮ ಅಜ್ಜಿಯರು ಹೇಳುತ್ತಿದ್ದ ಹಳೆಯ ಕತೆ ಇಲ್ಲಿ ನೆನಪಾಗುತ್ತದೆ. ಗಲ್ಲಿಗೆ ಹೊರಟ ಕಳ್ಳನೊಬ್ಬ ತಾಯಿಯನ್ನು ನೋಡಬೇಕೆನ್ನುತ್ತಾನೆ. ಗುಟ್ಟು ಹೇಳುವ ನೆಪದಲ್ಲಿ ಹತ್ತಿರ ಕರೆದು ಅವಳ ಕಿವಿ ಕಚ್ಚುತ್ತಾನೆ. ಜನ ಛೀ ಥೂ ಎನ್ನುತ್ತಾರೆ. ಅವನು ಹೇಳುತ್ತಾನೆ: ಚಿಕ್ಕವನಿದ್ದಾಗ ಶಾಲೆಯಲ್ಲಿ ಪಕ್ಕದ ಹುಡುಗನ ವಸ್ತು ಕದ್ದು ತಂದಿದ್ದೆ. ಅವತ್ತು ಇವಳು ಎಲ್ಲಿಂದ ತಂದೆ ಎಂದು ಕೇಳಿದ್ದರೆ ಇವತ್ತು ನಾನು ಇಲ್ಲಿ ನಿಲ್ಲುತ್ತಿರಲಿಲ್ಲ. ಊರೂರಿನಲ್ಲಿ ಬೇರೆ ಬೇರೆ ರೂಪದಲ್ಲಿ ಹೇಳುವ ಈ ಕತೆಯ ಹಾಲಿವುಡ್ ರೂಪವೇ 'ಬ್ಲಿಂಗ್ ರಿಂಗ್'. ಒಂದು ವ್ಯತ್ಯಾಸವಿದೆ. ಅಜ್ಜಿಯ ಕತೆಯ ಕಳ್ಳನಿಗೆ ಕೊನೆಗಾದರೂ ತಪ್ಪಿನ ಅರಿವಾಗುತ್ತದೆ. ನಿಕಿ ಜೈಲು ಕಂಡು ಬಂದ ಮೇಲೆ ಟಿ.ವಿ. ಸಂದರ್ಶನದಲ್ಲಿ ಕುಳಿತು, ಅಲ್ಲಿ ತನ್ನ ಹತ್ತಿರದಲ್ಲೇ ಯಾವ ತಾರೆ ಇದ್ದಳು ಎಂದು ವರ್ಣಿಸಿ, ತನ್ನ ಅಂತರ್ಜಾಲ ತಾಣಕ್ಕೆ ಭೇಟಿ ಕೊಡಿ ಎಂದು ನೋಡುಗರಿಗೆ ಹೇಳುತ್ತಾಳೆ. ಚಿತ್ರ ಮುಗಿಯುವುದು ಅಲ್ಲಿಗೆ.

ತಾರೆಯ ಬೆನ್ನುಹತ್ತಿದವಳು ತಾನೇ ಸಣ್ಣ ತಾರೆಯಾದಳು. ಇದು ಉತ್ಪ್ರೇಕ್ಷೆ ಎನ್ನುವ ಹಾಗಿಲ್ಲ. ನಿಜ ಪ್ರಕರಣದ ತನಿಖಾಧಿಕಾರಿಯೇ ಈ ಚಿತ್ರಕ್ಕೆ ಹಣ ಪಡೆದು ಸಲಹೆಗಾರರಾಗಿ, ತೆರೆಯ ಮೇಲೂ ಮುಖ ತೋರಿಸಿದ್ದು ಆಮೇಲೆ ವಿವಾದವಾಯಿತು. 2022ರಲ್ಲಿ ನೆಟ್‌ಫ್ಲಿಕ್ಸ್ ಈ ಕಳವಿನ ಬಗ್ಗೆ ಸಾಕ್ಷ್ಯಚಿತ್ರ ಸರಣಿ ತಂದಾಗ ಹಿಂದೆ ಶಿಕ್ಷೆಯಾದವರೇ ಕ್ಯಾಮೆರಾದ ಮುಂದೆ ಬಂದು ಕತೆ ಹೇಳಿದರು. ಥಳುಕಿನ ಸೆಳೆತಕ್ಕೆ ಮಕ್ಕಳು ಮಾತ್ರ ಸಿಕ್ಕಿಬೀಳುತ್ತಾರೆ ಎಂದು ಹೇಳುವವರು ಯಾರು?

ಗುಡ್ಡಿ ಎಂಬ ಹುಡುಗಿ

ಈಗ ಇನ್ನೊಂದು ಚಿತ್ರ ನೋಡೋಣ. 1971ರಲ್ಲಿ ಬಂದ ಹೃಷಿಕೇಶ ಮುಖರ್ಜಿ ಅವರ 'ಗುಡ್ಡಿ'. ಹಿರಿಯ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಜಯಾ ಭಾದುರಿ ಹಿಂದಿಯಲ್ಲಿ ನಾಯಕಿಯಾದ ಮೊದಲ ಚಿತ್ರ.

ಕುಸುಮ್ ಅಲಿಯಾಸ್ ಗುಡ್ಡಿ ಶಾಲೆಗೆ ಹೋಗುವ ಹುಡುಗಿ. ಅವಳಿಗೆ ಧರ್ಮೇಂದ್ರ ಎಂದರೆ ಪ್ರಾಣ. ಮೀರಾಬಾಯಿಗೆ ಕೃಷ್ಣ ಹೇಗೋ ತನಗೆ ಧರ್ಮೇಂದ್ರ ಹಾಗೆ ಎಂದೇ ಅವಳು ನಂಬಿದ್ದಾಳೆ. ಅತ್ತಿಗೆಯ ತಮ್ಮ ನವೀನ ಅವಳನ್ನು ಮದುವೆಯಾಗಲು ಬಯಸಿದರೆ, ತನ್ನ ಮನಸ್ಸು ಆಗಲೇ ಧರ್ಮೇಂದ್ರನಿಗೆ ಮೀಸಲಾಗಿದೆ ಎನ್ನುತ್ತಾಳೆ!

ನವೀನ ಹೋಗಿ ಸೋದರಮಾವನ ಹತ್ತಿರ ಹೇಳಿಕೊಳ್ಳುತ್ತಾನೆ. ಉತ್ಪಲ್ ದತ್ ವಹಿಸಿದ ಈ ಪ್ರೊಫೆಸರ್ ಗುಪ್ತ ಹುಡುಗಿಯನ್ನು ಗದರುವುದಿಲ್ಲ. ಗೋಡೆಯ ಮೇಲಿನ ಫೋಟೋ ಹರಿಯುವುದಿಲ್ಲ. ಸಿನಿಮಾ ನೋಡಕೂಡದು ಎಂದು ಕಟ್ಟಪ್ಪಣೆ ಮಾಡುವುದಿಲ್ಲ. ನೇರವಾಗಿ ಧರ್ಮೇಂದ್ರ ಅವರನ್ನೇ ಭೇಟಿ ಮಾಡಿ ಸಹಾಯ ಕೇಳುತ್ತಾರೆ. ಧರ್ಮೇಂದ್ರ ಈ ಚಿತ್ರದಲ್ಲಿ ಧರ್ಮೇಂದ್ರರಾಗಿಯೇ ನಟಿಸಿದ್ದಾರೆ. ಗುಡ್ಡಿಗೆ ಸ್ಟುಡಿಯೋದ ಬಾಗಿಲು ತೆರೆಯುತ್ತದೆ.

ಒಳಗೆ ಅವಳು ಕಾಣುವುದೇನು? ಹೊಡೆದಾಟದಲ್ಲಿ ಪೆಟ್ಟು ತಿನ್ನುವವನು ಡ್ಯೂಪ್, ಚಪ್ಪಾಳೆ ಬೀಳುವುದು ನಾಯಕನಿಗೆ. ಒಂದು ನಿಮಿಷದ ದೃಶ್ಯಕ್ಕೆ ಹೆಸರು ಗೊತ್ತಿಲ್ಲದ ಎಷ್ಟೋ ಜನ ಬೆವರು ಸುರಿಸುತ್ತಾರೆ. ಹೀರೋ ಆಗುವ ಕನಸಿನಲ್ಲಿ ಊರು ಬಿಟ್ಟು ಓಡಿಬಂದ ಕುಂದನ್ ಇಲ್ಲಿ ಗುಂಪಿನಲ್ಲಿ ಗೋವಿಂದ ಎಂಬಂತೆ ಎಕ್ಸ್‌ಟ್ರಾ ಆಗಿ ನಿಂತಿದ್ದಾನೆ. ಒಂದು ಕಾಲದಲ್ಲಿ ದೊಡ್ಡ ಚಿತ್ರಗಳು ತಯಾರಾದ ಸ್ಟುಡಿಯೋ ಪಾಳುಬಿದ್ದಿದೆ. ತೆರೆಯ ಮೇಲಿನ ಖಳನಾಯಕ ಪ್ರಾಣ್ ತಮ್ಮ ಕೈಗಡಿಯಾರವನ್ನು ಧರ್ಮೇಂದ್ರರಿಗೆ ಕೊಡಲು ಬಂದರೆ, ಇವರ ಕೈಯಿಂದ ತೆಗೆದುಕೊಳ್ಳಬೇಡಿ ಎಂದು ಗುಡ್ಡಿ ಎಚ್ಚರಿಸುತ್ತಾಳೆ. ಖಳನ ಪಾತ್ರ ಮಾಡುವ ಮನುಷ್ಯ ಒಳ್ಳೆಯವನಿರಬಹುದು ಎಂಬುದೇ ಅವಳಿಗೆ ಹೊಸ ವಿಷಯ.

ಗಡಿಯಾರದ ಮಾತು ಬಂತಲ್ಲ, ಇಲ್ಲೊಂದು ಸ್ವಾರಸ್ಯವಿದೆ. 'ಬ್ಲಿಂಗ್ ರಿಂಗ್' ಮಕ್ಕಳು ಒರ್ಲಾಂಡೊ ಬ್ಲೂಮ್ ಮನೆಯಿಂದ ರೋಲೆಕ್ಸ್ ಗಡಿಯಾರಗಳನ್ನು ಎತ್ತಿಕೊಂಡು ಹೋಗುತ್ತಾರೆ. ಗುಡ್ಡಿಗೆ ತಾರೆಯ ಗಡಿಯಾರ ಬೇಕೆಂದು ಅನ್ನಿಸುವುದೇ ಇಲ್ಲ. ಅವಳಿಗೆ ಅವನಿಗೆ ಒಳ್ಳೆಯದಾದರೆ ಸಾಕು. ಅವಳದೂ ಮರುಳೇ ಹೌದು. ಆದರೆ ಆ ಮರುಳಿನಲ್ಲಿ ಆಸೆಬುರುಕತನವಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು? ಗುಡ್ಡಿ ಮೆಚ್ಚಿದ್ದು ಪಾತ್ರಗಳನ್ನು, ನಟನೆಯನ್ನು, ತೆರೆಯ ಮೇಲಿನ ಒಳ್ಳೆಯತನವನ್ನು. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಬೀರುವಿನಿಂದ ಕದಿಯಲೂ ಬರುವುದಿಲ್ಲ. ಕ್ಯಾಲಬಾಸಸ್ಸಿನ ಮಕ್ಕಳು ಮೆಚ್ಚಿದ್ದು ಬೇರೆ ಬಗೆಯ ತಾರೆಯರನ್ನು. ಪ್ಯಾರಿಸ್ ಹಿಲ್ಟನ್ ಹೋಟೆಲು ಉದ್ಯಮಿ ಕಾನ್ರಾಡ್ ಹಿಲ್ಟನ್ ಅವರ ಮರಿಮಗಳು. 2003ರಲ್ಲಿ ಶುರುವಾದ 'ದಿ ಸಿಂಪಲ್ ಲೈಫ್' ಎಂಬ ರಿಯಾಲಿಟಿ ಕಾರ್ಯಕ್ರಮದಿಂದ ಮನೆಮಾತಾದವರು. ಹೆಸರಾಗಿರುವುದಕ್ಕೇ ಹೆಸರಾದವರು ಎಂಬೊಂದು ಜಾತಿ ಹುಟ್ಟುತ್ತಿದೆ ಎಂದು ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್ 1960ರ ದಶಕದ ಮೊದಲಲ್ಲೇ ಎಚ್ಚರಿಸಿದ್ದರು. ಅಂಥವರ ಹೆಸರಿನ ಹಿಂದೆ ಹಾಡೋ, ಆಟವೋ, ನಟನೆಯೋ ನಮಗೆ ಕಾಣುವುದಿಲ್ಲ. ಕಾಣುವುದು ಚೀಲ, ಚಪ್ಪಲಿ, ಕಾರು. ಹಾಗಿರುವಾಗ ಚೀಲ ಸಿಕ್ಕರೆ ಹೆಸರೂ ಸಿಕ್ಕಂತೆ ಎಂದು ಹದಿನೇಳರ ಹುಡುಗಿಗೆ ಅನ್ನಿಸಿದರೆ ಅದರಲ್ಲಿ ಅವಳ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು?

'ಗುಡ್ಡಿ'ಯ ಪ್ರೊಫೆಸರ್ ಮಾಡಿದ್ದೂ ಅದೇ ಪ್ರಶ್ನೆಯನ್ನು ಕೇಳಿಸುವ ಕೆಲಸ. ಈ ಹೊಳಪು ಎಲ್ಲಿಂದ ಬಂತು? ಯಾರ ದುಡಿಮೆಯಿಂದ ಬಂತು? ಅದನ್ನು ಕಣ್ಣಾರೆ ಕಂಡ ಮೇಲೆ ಗುಡ್ಡಿಗೆ ಧರ್ಮೇಂದ್ರರ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ಮರುಳು ಮಾತ್ರ ಕಳೆಯುತ್ತದೆ. ದೇವರಾಗಿದ್ದವನು ಮನುಷ್ಯನಾಗುತ್ತಾನೆ. ಪಕ್ಕದಲ್ಲಿದ್ದ ನವೀನನೂ ಕಣ್ಣಿಗೆ ಬೀಳುತ್ತಾನೆ.

ಅಭಿಮಾನ ಎಂಬ ಮಾತು

'ಫ್ಯಾನ್' ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ನಾವು ಬಳಸುವ ಮಾತು ಅಭಿಮಾನಿ. ಒಳ್ಳೆಯ ಮಾತು ಅದು. ಅಭಿಮಾನ ಎಂದರೆ ಇನ್ನೊಬ್ಬರ ಮೇಲಿನ ಮೆಚ್ಚುಗೆಯೂ ಹೌದು, ತನ್ನ ಮೇಲಿನ ಗೌರವವೂ ಹೌದು. ಮಾನ ಅದರೊಳಗೇ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಕ್ಯಾಲಬಾಸಸ್ಸಿನ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಕೈಚೀಲಕ್ಕೆ ಮಾನ ಕೊಟ್ಟರು.

ಡಾ. ರಾಜಕುಮಾರ್ ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆಯುತ್ತಿದ್ದುದು ಕನ್ನಡಿಗರಿಗೆಲ್ಲ ಗೊತ್ತು. 2006ರ ಏಪ್ರಿಲಿನಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಅಕಾಲದಲ್ಲಿ ಅಗಲಿದಾಗಲೂ ಹಾಗೆಯೇ ಆಯಿತು. ಆಮೇಲೆ ರಾಜ್ಯದ ಮೂಲೆಮೂಲೆಯಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಲು ಮುಂದೆ ಬಂದರು. ಅವರಲ್ಲಿ ಎಳೆಯರೂ ಇದ್ದರು. ತಾರೆಯ ಮನೆಗೆ ನುಗ್ಗಿ ಕನ್ನಡಿಯ ಮುಂದೆ ಅತ್ತರು ಪೂಸಿಕೊಳ್ಳುವುದೂ ತಾರಾಭಿಮಾನವೇ, ತಾರೆ ಕೊಟ್ಟದ್ದನ್ನು ಕಂಡು ತಾನೂ ಕೊಡುತ್ತೇನೆ ಎನ್ನುವುದೂ ತಾರಾಭಿಮಾನವೇ. ಯಾವುದು ಮಾನ ಉಳಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

'ಬ್ಲಿಂಗ್ ರಿಂಗ್' ಕುಂದಿಲ್ಲದ ಚಿತ್ರವೇನಲ್ಲ. ವಸ್ತುಗಳ ಮೇಲೆ ಕ್ಯಾಮೆರಾ ಇಷ್ಟು ಹೊತ್ತು ನಿಂತರೆ ನಿರ್ದೇಶಕಿಗೂ ಅವುಗಳ ಮೋಹ ಅಂಟಿತೇ ಎಂಬ ಅನುಮಾನ ಬರುತ್ತದೆ. ಕಳವಿನ ದೃಶ್ಯಗಳು ಮರುಕಳಿಸಿ ಬೇಸರ ತರುತ್ತವೆ. ಮಾದಕ ವಸ್ತು ಸೇವನೆ, ಒರಟು ಮಾತು ಧಾರಾಳವಾಗಿವೆ. ಆದ್ದರಿಂದ ಇದು ಚಿಕ್ಕ ಮಕ್ಕಳಿಗೆ ತೋರಿಸುವ ಚಿತ್ರವಲ್ಲ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಒಟ್ಟಿಗೆ ಕುಳಿತು ನೋಡಿ ಮಾತನಾಡಬಹುದು. 'ಗುಡ್ಡಿ'ಗಾದರೆ ಅಂಥ ಎಚ್ಚರಿಕೆ ಬೇಕಿಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ನಕ್ಕು ನೋಡಬಹುದು.

ಈಗಿನ ಮಕ್ಕಳಿಗೆ ತಾರೆಯ ಮನೆಯ ಬೇಲಿ ಹಾರಬೇಕಾಗಿಲ್ಲ. ಬೀರುವಿನೊಳಗೆ ಏನಿದೆ ಎಂದು ತಾರೆಯರೇ ಫೋನಿನಲ್ಲಿ ತೆಗೆದು ತೋರಿಸುತ್ತಾರೆ, ಕೊಳ್ಳುವ ಅಂಗಡಿಯೂ ಅದೇ ಫೋನಿನಲ್ಲಿದೆ. ಗೆಳತಿಯ ಬಳಿ ಇರುವ ಫೋನೇ ಬೇ ಎಂದು ಊಟ ಬಿಡುವ ಮಗಳು, ಶೂಸಿನ ಕಂಪನಿಯ ಹೆಸರು ಕಾಣುವಂತೆ ಕಾಲು ಚಾಚಿ ಕೂರುವ ಮಗ ನಮ್ಮ ಮನೆಗಳಲ್ಲೂ ಇದ್ದಾರೆ. ಅವರಾರೂ ಕಳ್ಳರಲ್ಲ. ಮಾರ್ಕನಿಗೆ ಇದ್ದ ಹಂಬಲ, ನಾಲ್ಕು ಜನ ತನ್ನನ್ನು ತಮ್ಮವನೆಂದು ಒಪ್ಪಲಿ ಎಂಬ ಹಂಬಲ, ಅವರಿಗೂ ಇದೆ. ಗದರಿದರೆ ಅದು ಹೋಗುವುದಿಲ್ಲ, ಒಳಗೆ ಅವಿತುಕೊಳ್ಳುತ್ತದೆ.

ಪೊಲೀಸಿನವನ ದನಿಯಲ್ಲಿ ಕೇಳಿದರೆ ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ. ಪ್ರೊಫೆಸರ್ ಗುಪ್ತ ಅವರ ದನಿಯಲ್ಲಿ ಕೇಳಬೇಕು. ಈ ಶೂಸು ಎಲ್ಲಿಂದ ಬಂತು, ಅದರ ಬೆಲೆ ಅಪ್ಪನ ಎಷ್ಟು ದಿನದ ದುಡಿಮೆ, ನಿನಗೆ ಇಷ್ಟವಾದ ಆ ನಟ ಈ ಎತ್ತರಕ್ಕೆ ಏರಲು ಎಷ್ಟು ವರ್ಷ ಕಷ್ಟಪಟ್ಟ, ಅವನಿಂದ ನೀನು ಏನು ತೆಗೆದುಕೊಳ್ಳುತ್ತೀಯ? ಮಕ್ಕಳೂ ಹೆತ್ತವರಿಗೆ ಇದೇ ಪ್ರಶ್ನೆ ಕೇಳಬಹುದು. ಪಕ್ಕದ ಮನೆಯವರ ಕಾರು ನೋಡಿ ಸಾಲ ಮಾಡಿ ಅದಕ್ಕಿಂತ ದೊಡ್ಡದನ್ನು ತಂದ ಅಪ್ಪನಿಗೆ, 'ಇದು ಎಲ್ಲಿಂದ ಬಂತು ಅಪ್ಪಾ?' ಎಂದು ಮಗಳು ಕೇಳಿದರೆ ಉತ್ತರ ಹೇಳಲು ಅಪ್ಪನೂ ಸಿದ್ಧನಿರಬೇಕು.

ಬೆಟ್ಟದ ಮೇಲಿನ ಆ ಗಾಜಿನ ಮನೆಯ ದೃಶ್ಯದಲ್ಲಿ ದೀಪ ಹತ್ತಿದ್ದೂ ಆರಿದ್ದೂ ನಮಗೆ ದೂರದಿಂದ ಕಾಣುತ್ತದೆ. ಒಳಗಿನ ಮಕ್ಕಳ ಮುಖ ಮಾತ್ರ ಕಾಣುವುದಿಲ್ಲ. ಮುಖ ಕಾಣಬೇಕಾದರೆ ಹತ್ತಿರ ಹೋಗಬೇಕು. ನಮ್ಮ ಮನೆಯ ಮಕ್ಕಳ ಕೋಣೆಗೆ ಗಾಜಿನ ಗೋಡೆ ಇಲ್ಲ, ಇರುವುದು ಒಂದು ಬಾಗಿಲು. ಇವತ್ತು ರಾತ್ರಿ ಊಟವಾದ ಮೇಲೆ ಆ ಬಾಗಿಲು ತಟ್ಟಿ, ಒಳಗೆ ಹೋಗಿ, ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು. ಮಾತು ತಾನಾಗಿ ಶುರುವಾಗುತ್ತದೆ.